‘ಲಾಗಿದೆ’ ಎಂಬ ಕರ್ತೃ: ಕಂಪನಿಗಳ ಹಸಿರು ವರದಿಗಳನ್ನು ಓದುತ್ತಾ

ಕಳೆದ ವರ್ಷ ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ಬಾರದೆ ಹಾಸ್ಟೆಲಿನ ಮೆಸ್ ಬಾಕಿ ಬೆಳೆಯುತ್ತಿದ್ದ ಕಾಲದಲ್ಲಿ ಅನುವಾದದ ಏಜೆನ್ಸಿಯೊಂದರಿಂದ ಕೆಲಸ ಬಂತು. ದೊಡ್ಡ ಕಂಪನಿಯೊಂದರ ಸುಸ್ಥಿರತಾ ವರದಿಯ ಸಂಕ್ಷಿಪ್ತ ರೂಪವನ್ನು ಕನ್ನಡಕ್ಕೆ ತರಬೇಕು. ಅವರ ಕಾರ್ಖಾನೆಯ ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ ಅದನ್ನು ಹಂಚುತ್ತಾರಂತೆ. ಪದಕ್ಕೆ ಒಂದೂವರೆ ರೂಪಾಯಿ. ಒಪ್ಪಿಕೊಂಡೆ. ಮೊದಲ ಅಧ್ಯಾಯ ಕಳಿಸಿದ ಮಾರನೇ ದಿನ ಏಜೆನ್ಸಿಯ ಸಂಪಾದಕರು ಫೋನ್ ಮಾಡಿ ಜೋರಾಗಿ ನಕ್ಕರು. ‘ನೆಟ್ ಝೀರೋ’ ಎಂಬುದನ್ನು ನಾನು ‘ನಿವ್ವಳ ಶೂನ್ಯ’ ಎಂದು ಮಾಡಿಕೊಂಡಿದ್ದೆ. ಆ ಲೆಕ್ಕದಲ್ಲಿ ಅಧ್ಯಾಯದ ಶೀರ್ಷಿಕೆ ‘ನಮ್ಮ ಶೂನ್ಯ ಸಾಧನೆಯ ಹಾದಿ’ ಎಂದಾಗಿತ್ತು.

“ಅಲ್ಲಾರೀ, ಶೂನ್ಯ ಸಾಧನೆ ಅಂದ್ರೆ ಏನೂ ಮಾಡಲಿಲ್ಲ ಅಂತಲ್ವಾ? ಕಂಪನಿಯೋರು ಓದಿದ್ರೆ ನಮ್ಮ ಬಿಲ್ಲೂ ಶೂನ್ಯಾನೇ.”

ನಾನೂ ನಕ್ಕೆ, ತಿದ್ದಿದೆ. ‘ಶೂನ್ಯ ಸಂಪಾದನೆ’ ಎಂದರೆ ಹೇಗೆ ಅಂತ ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಹದಿನೈದು, ಹದಿನಾರನೇ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ಮತ್ತೆ ಮತ್ತೆ ಸಂಕಲನಗೊಂಡ ಆ ಗ್ರಂಥಗಳ ಹೆಸರು ಕಂಪನಿಯ ಹಸಿರು ಹೊದಿಕೆಯ ಮೇಲೆ ಬಂದರೆ ಅಲ್ಲಮ ಏನನ್ನುತ್ತಿದ್ದನೋ. ಅಲ್ಲಿನ ಶೂನ್ಯ ಎಲ್ಲವನ್ನೂ ಬಿಟ್ಟಾಗ ಉಳಿಯುವಂಥದ್ದು. ವರದಿಯ ಶೂನ್ಯಕ್ಕೆ ಏನನ್ನೂ ಬಿಡಬೇಕಾಗಿಲ್ಲ, ಕೂಡಿ ಕಳೆದಾಗ ಸೊನ್ನೆ ಬಂದರೆ ಸಾಕು. ಇನ್ನು ‘ಸಂಪಾದನೆ’ಗೆ ಹೊಸಗನ್ನಡದಲ್ಲಿ ಇರುವ ಅರ್ಥ ಇನ್ನೂ ಸಲೀಸಾಗಿ ಹೊಂದುತ್ತಿತ್ತು. ತಮಾಷೆ ಅಲ್ಲಿಗೆ ಮುಗಿಯಿತು. ಆದರೆ ಆ ವರದಿ ನನ್ನ ತಲೆಯಿಂದ ಹೋಗಲಿಲ್ಲ. ಅದಾದ ಮೇಲೆ ಇಂಥವೇ ಹತ್ತಾರು ವರದಿಗಳನ್ನು ದುಡ್ಡಿಲ್ಲದೆಯೇ ಓದಿದೆ.

ನನ್ನ ಪಿಎಚ್.ಡಿ. ಇರುವುದು ಎಂಬತ್ತರ ದಶಕದ ಪರಿಸರ ಚಳವಳಿಗಳು ಮತ್ತು ಆ ಕಾಲದ ಕನ್ನಡ ಬರವಣಿಗೆಯ ಮೇಲೆ. ಹಾಗಾಗಿ ನನ್ನ ಮೇಜಿನ ಮೇಲೆ ಯಾವಾಗಲೂ ಕರಪತ್ರಗಳ, ಸಭೆಯ ವರದಿಗಳ, ಸೈಕ್ಲೋಸ್ಟೈಲ್ ಹಾಳೆಗಳ ಜೆರಾಕ್ಸು ರಾಶಿ ಇರುತ್ತದೆ. ಅದರ ಪಕ್ಕಕ್ಕೆ ಈ ನುಣುಪು ಕಾಗದದ ವರದಿಗಳು ಬಂದು ಕೂತವು. ಎರಡೂ ಮಾತಾಡುವುದು ಮರ, ನೀರು, ನೆಲ, ಮುಂದಿನ ಪೀಳಿಗೆಗಳ ಬಗ್ಗೆಯೇ. ಎರಡರ ನಡುವಿನ ವ್ಯತ್ಯಾಸ ನನಗೆ ಮೊದಲು ಕಂಡದ್ದು ಕ್ರಿಯಾಪದಗಳಲ್ಲಿ. ಕರಪತ್ರಗಳಲ್ಲಿ ಕ್ರಿಯಾಪದಕ್ಕೆ ಯಜಮಾನನಿರುತ್ತಾನೆ: ಬನ್ನಿ, ಕೀಳಿ, ನೆಡಿ, ಕೇಳಿ, ಬಿಡೆವು. ವರದಿಯಲ್ಲಿ ಎಲ್ಲವೂ ತಾನಾಗಿಯೇ ಆಗುತ್ತದೆ: ಕೈಗೊಳ್ಳಲಾಗಿದೆ, ಅಳವಡಿಸಲಾಗಿದೆ, ತಗ್ಗಿಸಲಾಗಿದೆ, ಸರಿದೂಗಿಸಲಾಗಿದೆ.

ನಾವು ಮಾತಾಡುವ ಕನ್ನಡಕ್ಕೆ ಕರ್ಮಣಿ ಪ್ರಯೋಗ ಅಷ್ಟಾಗಿ ಒಗ್ಗುವುದಿಲ್ಲ. ‘ಅಡುಗೆ ಮಾಡಲಾಗಿದೆ, ಊಟಕ್ಕೆ ಬನ್ನಿ’ ಅಂತ ಯಾರ ಮನೆಯಲ್ಲೂ ಕರೆಯುವುದಿಲ್ಲ. ಅದು ಕಚೇರಿಯ ಕನ್ನಡ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬುದನ್ನು ಓದಿದವನಿಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯುವುದಿಲ್ಲ. ಆ ಪ್ರಯೋಗ ಇರುವುದೇ ಆ ಕೆಲಸಕ್ಕೆ. ಇಂಗ್ಲಿಷಿನ ವರದಿಯಲ್ಲಿ ಒಂದು ವಿಚಿತ್ರ ಕಂಡೆ. ಒಳ್ಳೆಯ ಸುದ್ದಿ ಬಂದಾಗ ಕರ್ತೃ ಹಾಜರಾಗುತ್ತಾನೆ: ‘ನಾವು ಹತ್ತು ಸಾವಿರ ಗಿಡ ನೆಟ್ಟೆವು’. ಕೆಟ್ಟ ಸುದ್ದಿ ಬಂದ ಕೂಡಲೇ ಎದ್ದು ಹೊರಗೆ ಹೋಗುತ್ತಾನೆ: ‘ಹೊರಸೂಸುವಿಕೆಯಲ್ಲಿ ಏರಿಕೆ ಕಂಡುಬಂದಿದೆ’. ಯಾರಿಗೆ ಕಂಡುಬಂತು? ಏರಿಸಿದವರು ಯಾರು? ಅನುವಾದಕಿಯಾಗಿ ನಾನೂ ಆ ಬಾಗಿಲು ತೆರೆದು ಹಿಡಿದೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಇವುಗಳಿಗೆ ಸಾಹಿತ್ಯ ವಿಮರ್ಶೆ ಯಾಕೆ ಬೇಕು ಎಂದು ನನ್ನ ಮಾರ್ಗದರ್ಶಕರೇ ಕೇಳಿದರು. ನನ್ನ ಉತ್ತರ ಸರಳ. ದೇಶದ ಅತಿ ದೊಡ್ಡ ಸಾವಿರ ಲಿಸ್ಟೆಡ್ ಕಂಪನಿಗಳು 2022–23ರ ಆರ್ಥಿಕ ವರ್ಷದಿಂದ ಇಂಥ ವರದಿ ಕೊಡಲೇಬೇಕು ಎಂದು ಸೆಬಿ ಕಡ್ಡಾಯ ಮಾಡಿದೆ. ವರ್ಷಕ್ಕೆ ಸಾವಿರ ಪುಸ್ತಕ ಹೊರಬರುವ ಪ್ರಕಾರವೊಂದು ನಮ್ಮ ಕಣ್ಣೆದುರು ಹುಟ್ಟಿ ಬೆಳೆಯುತ್ತಿದೆ. ಅದಕ್ಕೆ ಲೇಖಕರಿದ್ದಾರೆ, ಸಂಪ್ರದಾಯವಿದೆ, ಅಲಂಕಾರವಿದೆ, ಬಹುಮಾನಗಳೂ ಇವೆ. ವಿಮರ್ಶಕರು ಮಾತ್ರ ಇಲ್ಲ. ಲೆಕ್ಕಪರಿಶೋಧಕರಿದ್ದಾರೆ ನಿಜ, ಆದರೆ ಅವರು ಅಂಕಿಗಳನ್ನು ನೋಡುತ್ತಾರೆ, ವಾಕ್ಯಗಳನ್ನು ನೋಡುವುದಿಲ್ಲ.

ಒಂದು ವರದಿಯನ್ನಾದರೂ ಗಂಭೀರವಾಗಿ ಓದಬೇಕೆಂದು ನಾನು ಆರಿಸಿಕೊಂಡದ್ದು ಇನ್ಫೋಸಿಸ್. ಬೈಯುವುದಕ್ಕೆ ಸುಲಭವಾಗಿ ಸಿಗುವ ಕಂಪನಿ ಎಂದಲ್ಲ, ಈ ವಿಷಯದಲ್ಲಿ ಉಳಿದ ಬಹುಪಾಲು ಕಂಪನಿಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಎಂಬ ಕಾರಣಕ್ಕೆ. ಕಳಪೆ ಕಾದಂಬರಿಯನ್ನು ವಿಮರ್ಶೆ ಮಾಡಿ ಏನೂ ಕಲಿಯಲಾಗದು. 2019ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿ ಅದಕ್ಕೆ ಬಂತು. 2020ರ ಅಕ್ಟೋಬರಿನಲ್ಲಿ ತಾನು ‘ಇಂಗಾಲ ತಟಸ್ಥ’ವಾಗಿರುವುದಾಗಿ ಪ್ರಕಟಿಸಿತು.

ಅದರ ಹಸಿರು ಕಥನದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಯಾವ ಭಾಷಣದಲ್ಲೂ ಹೆಚ್ಚು ಬರುವುದಿಲ್ಲ. ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ 2011ರ ಹೊತ್ತಿಗೆ ಒಂದು ಕಟ್ಟಡ ಕಟ್ಟಿದರು. ಅದನ್ನು ಸಮನಾಗಿ ಎರಡು ಭಾಗ ಮಾಡಿದರು. ಒಂದು ಅರ್ಧಕ್ಕೆ ಎಂದಿನ ಏಸಿ, ಅದೂ ಕಳಪೆಯದಲ್ಲ, ಚೆನ್ನಾಗಿ ವಿನ್ಯಾಸ ಮಾಡಿದ್ದು. ಇನ್ನೊಂದು ಅರ್ಧದಲ್ಲಿ ತಾರಸಿಯ ಕಾಂಕ್ರೀಟಿನೊಳಗೇ ಕೊಳವೆ ಹುದುಗಿಸಿ ತಣ್ಣೀರು ಹರಿಸಿದರು. ತಣ್ಣಗಾದ ಚಪ್ಪಡಿ ಕೋಣೆಯ, ಮನುಷ್ಯರ ಮೈಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಒಂದೇ ಗಾತ್ರದ ಗಾಳಿಗಿಂತ ನೀರು ಸುಮಾರು 3,400 ಪಟ್ಟು ಹೆಚ್ಚು ಶಾಖ ಹೊರಬಲ್ಲದು, ಆದ್ದರಿಂದ ದೊಡ್ಡ ಫ್ಯಾನುಗಳಿಂದ ಗಾಳಿಯನ್ನು ದೂಡುವ ಖರ್ಚು ಉಳಿಯುತ್ತದೆ. ಎರಡೂ ಅರ್ಧಗಳಿಗೆ ಪ್ರತ್ಯೇಕ ಮೀಟರು. ಮೊದಲೆರಡು ವರ್ಷ ಅಳೆದಾಗ ತಣ್ಣೀರಿನ ಭಾಗ ಮೂರನೇ ಒಂದು ಪಾಲಿನಷ್ಟು ಕಡಿಮೆ ವಿದ್ಯುತ್ ಬಳಸಿತ್ತು. ಕಟ್ಟುವ ವೆಚ್ಚವೂ ತುಸು ಕಡಿಮೆಯೇ ಬಂದಿತ್ತು. ಈ ವಿವರಗಳನ್ನು ಅವರದೇ ಇಂಜಿನಿಯರರೊಬ್ಬರು ಸಹಲೇಖಕರೊಂದಿಗೆ ವೃತ್ತಿಪರ ಪತ್ರಿಕೆಯೊಂದರಲ್ಲಿ ಎಲ್ಲರಿಗೂ ಸಿಗುವಂತೆ ಬರೆದರು.

ಆ ಲೇಖನದ ಗದ್ಯದಲ್ಲಿ ಬೆಡಗಿಲ್ಲ. ಆದರೆ ಸಂಶೋಧನೆಯ ವಿದ್ಯಾರ್ಥಿಯಾಗಿ ನನಗೆ ಅದನ್ನು ಓದುವಾಗ ಆದ ಸಂತೋಷ ನಿಜವಾದದ್ದು. ಅಲ್ಲಿ ಹೋಲಿಕೆ ಇದೆ. ಸೋಲುವ ಸಾಧ್ಯತೆ ಇದೆ. ಎರಡನೇ ಅರ್ಧ ಹೆಚ್ಚು ವಿದ್ಯುತ್ ತಿಂದಿದ್ದರೆ ಅದನ್ನೂ ಮೀಟರು ಹೇಳುತ್ತಿತ್ತು. ವರದಿಗಳ ಉಳಿದ ಭಾಗದಲ್ಲಿ ಕಾಣೆಯಾಗಿರುವುದು ಇದೇ: ಬರೆದವರು ಸೋಲಬಹುದಾಗಿದ್ದ ಒಂದು ಕ್ಷಣ.

ಇನ್ನು ಅಂಕಿಗಳ ಅಲಂಕಾರಕ್ಕೆ ಬರೋಣ. 2008ಕ್ಕೆ ಹೋಲಿಸಿದರೆ ತಲಾ ವಿದ್ಯುತ್ ಬಳಕೆಯನ್ನು 2020ರ ಹೊತ್ತಿಗೆ ಶೇ. 55ರಷ್ಟು ಇಳಿಸಿದ್ದೇವೆ ಎಂಬುದು ಕಂಪನಿಯ ಹೆಮ್ಮೆಯ ಮಾತು. ಸುಳ್ಳಲ್ಲ. ಆದರೆ ‘ತಲಾ’ ಎಂಬ ಎರಡಕ್ಷರದ ಕೆಳಗೆ ಏನಿದೆ ನೋಡಿ. 2008ರ ಮಾರ್ಚಿನಲ್ಲಿ ಅಲ್ಲಿದ್ದ ನೌಕರರು ಸುಮಾರು 91 ಸಾವಿರ. 2020ರ ಮಾರ್ಚಿನಲ್ಲಿ ಸುಮಾರು 2 ಲಕ್ಷ 42 ಸಾವಿರ. ತಲೆಗಳು 2.66 ಪಟ್ಟಾದವು, ತಲೆಗೊಂದರ ಬಳಕೆ ನೂರರಿಂದ ನಲವತ್ತೈದಕ್ಕೆ ಇಳಿಯಿತು. ಗುಣಿಸಿದರೆ ಒಟ್ಟು ಬಳಕೆ ಸುಮಾರು ಶೇ. 20 ಹೆಚ್ಚಾಯಿತು. ಒಂದೂವರೆ ಪಟ್ಟಿಗೂ ಹೆಚ್ಚು ಹೊಸ ಜನ ಬಂದರೂ ವಿದ್ಯುತ್ ಬಳಕೆ ಶೇ. 20 ಮಾತ್ರ ಏರಿತು ಎಂಬುದು ಮೆಚ್ಚಬೇಕಾದ ಕೆಲಸವೇ. ನನ್ನ ತಕರಾರು ಬೇರೆ. ವಾತಾವರಣಕ್ಕೆ ತಲಾ ಲೆಕ್ಕ ಬರುವುದಿಲ್ಲ, ಅದಕ್ಕೆ ಗೊತ್ತಿರುವುದು ಒಟ್ಟು ಮಾತ್ರ. ಇಳಿಯಿತು ಎಂಬ ಕ್ರಿಯಾಪದದಿಂದ ಮುಗಿಯುವ ವಾಕ್ಯದ ಹಿಂದೆ ಏರಿದ ಸಂಖ್ಯೆಯೊಂದು ನಿಂತಿರುವುದು ಓದುಗರಿಗೆ ಗೊತ್ತಿರಬೇಕು.

ಇಲ್ಲಿ ನನ್ನ ಗೆಳೆಯನೊಬ್ಬನ ಮಾತು ಹೇಳಬೇಕು. ಪಿಯುಸಿಯಲ್ಲಿ ನನ್ನ ಜೊತೆಗಿದ್ದವನು, ಡಿಪ್ಲೊಮಾ ಮುಗಿಸಿ ಈಗ ಬೆಂಗಳೂರಿನ ಹೊರವಲಯದ ಕಚೇರಿ ಸಂಕೀರ್ಣವೊಂದರಲ್ಲಿ ಚಿಲ್ಲರ್, ಪಂಪು, ಜನರೇಟರುಗಳನ್ನು ನೋಡಿಕೊಳ್ಳುತ್ತಾನೆ. ಏಪ್ರಿಲಿನಲ್ಲೊಮ್ಮೆ ಅವನನ್ನು ನೋಡಲು ಹೋಗಿದ್ದೆ. ಹೊರಗೆ ಬಿಸಿಲು ಸುಡುತ್ತಿತ್ತು. ಗಾಜಿನ ಗೋಡೆಯ ಒಳಗೆ ಕೂತ ಹುಡುಗಿಯರು ಸ್ವೆಟರು ಹಾಕಿದ್ದರು, ಒಬ್ಬಳು ಕಾಲಿಗೆ ಶಾಲು ಸುತ್ತಿಕೊಂಡಿದ್ದಳು. ಈ ವಾಕ್ಯ, ಕರ್ತೃ, ಅಲಂಕಾರ ಎಂದು ನಾನು ಶುರು ಮಾಡಿದೊಡನೆ ಅವನು ತಡೆದ.

“ನೀನು ಪದ ನೋಡ್ತೀಯ, ನಾನು ಮೀಟರ್ ನೋಡ್ತೀನಿ ಕಣೆ. ಸೆಟ್‌ಪಾಯಿಂಟು ಇಪ್ಪತ್ತೆರಡರಿಂದ ಇಪ್ಪತ್ನಾಲ್ಕಕ್ಕೆ ಏರಿಸಿದ್ರೆ ಸಾಕು, ಡಿಗ್ರಿಗೆ ಆರು ಪರ್ಸೆಂಟು ಉಳಿಯುತ್ತೆ. ಏರಿಸಿದ ಹತ್ತು ನಿಮಿಷಕ್ಕೆ ಮೇಲಿನ ಫ್ಲೋರಿಂದ ಸಾಹೇಬ್ರ ಫೋನು. ವರದಿ ಬರೆಯೋರಿಗೆ ಆ ಫೋನ್ ಗೊತ್ತಿಲ್ಲ.”

ಡಿಗ್ರಿಗೆ ಆರು ಎಂಬುದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುವ ಲೆಕ್ಕ. 2020ರ ಜನವರಿಯಿಂದ ಮನೆಗಳ ಸ್ಟಾರ್ ಏಸಿಗಳು ಹಾಕಿದ ಕೂಡಲೇ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂದು ಕಡ್ಡಾಯವಾದದ್ದು ಇದೇ ಕಾರಣಕ್ಕೆ. ಆ ಸಾಹೇಬರ ಫೋನು ಒಳ್ಳೆಯ ಕತೆಯ ವಸ್ತು. ಯಾವ ವರದಿಯಲ್ಲೂ ಅದು ಬರುವುದಿಲ್ಲ.

ಅವನು ಹೇಳಿದ ಇನ್ನೊಂದು ಸಂಗತಿ ನನಗೆ ತಿಳಿಯಲು ಎರಡು ಲೋಟ ಚಹಾ ಹಿಡಿಯಿತು. ಕಚೇರಿ ಪೂರ್ತಿ ಸೌರ ವಿದ್ಯುತ್ತಿನಲ್ಲಿ ನಡೆಯುತ್ತದೆ ಎಂದು ಕಂಪನಿಯೊಂದು ಹೇಳಿದರೆ ತಾರಸಿಯ ಮೇಲಿನ ಫಲಕಗಳಷ್ಟೇ ಅದನ್ನು ನಡೆಸುತ್ತಿಲ್ಲ. ಬಯಲುಸೀಮೆಯ ಎಲ್ಲೋ ಒಂದು ಕಡೆ ಇರುವ ಸೌರ ಸ್ಥಾವರ ಹಗಲು ಜಾಲಕ್ಕೆ ವಿದ್ಯುತ್ ಸೇರಿಸುತ್ತದೆ. ಕಂಪನಿ ಅದನ್ನು ತನ್ನ ಕಚೇರಿಯಲ್ಲಿ ತೆಗೆದುಕೊಳ್ಳುತ್ತದೆ. ಹಗಲು ಹೆಚ್ಚಾಗಿ ಕೊಟ್ಟಿದ್ದನ್ನು ಜಾಲದಲ್ಲಿ ಜಮಾ ಇಟ್ಟು ಬೇಕಾದಾಗ ವಾಪಸು ಪಡೆಯುವುದಕ್ಕೆ ‘ಬ್ಯಾಂಕಿಂಗ್’ ಎಂದೇ ಹೆಸರು. ಅಮೆರಿಕದ ಗಿರಾಕಿಗಳಿಗಾಗಿ ರಾತ್ರಿ ಪಾಳಿ ನಡೆಯುವಾಗ ದೀಪ ಉರಿಯುವುದು ಸೂರ್ಯನಿಂದಲ್ಲ. ಆ ಹೊತ್ತಿನಲ್ಲಿ ಜಾಲದಲ್ಲಿ ಇರುವುದು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು, ಶರಾವತಿಯ ನೀರು, ಒಂದಿಷ್ಟು ಗಾಳಿ. ಕಾಗದದಲ್ಲಿ ಮಾತ್ರ ಅದು ಬಿಸಿಲು. ಇದು ಕಳ್ಳಲೆಕ್ಕವಲ್ಲ. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತೆಲ್ಲ ಒಪ್ಪಿರುವ ನಿಯಮಾವಳಿ 2015ರಿಂದ ಎರಡೂ ಸಂಖ್ಯೆಗಳನ್ನು ಕೇಳುತ್ತದೆ: ಕೊಂಡ ಕರಾರಿನ ಪ್ರಕಾರ ಎಷ್ಟು, ನಿಂತ ಜಾಗದ ಜಾಲದ ಪ್ರಕಾರ ಎಷ್ಟು. ಮೊದಲನೆಯದು ಮುಖಪುಟಕ್ಕೆ ಬರುತ್ತದೆ, ಎರಡನೆಯದು ಅನುಬಂಧಕ್ಕೆ. ವರದಿ ಓದುವವರು ಹಿಂದಿನಿಂದ ಓದಲು ಶುರು ಮಾಡುವುದು ಒಳ್ಳೆಯದು.

ಶರಾವತಿ ಎಂದಾಗ ನಮ್ಮಂಥವರಿಗೆ ನಾ. ಡಿಸೋಜರ ‘ದ್ವೀಪ’ ನೆನಪಾಗದೆ ಇರದು. ಇಂಗಾಲದ ಲೆಕ್ಕದಲ್ಲಿ ಜಲವಿದ್ಯುತ್ತಿನ ಮುಂದೆ ಹೆಚ್ಚುಕಡಿಮೆ ಸೊನ್ನೆಯೇ ಬರುತ್ತದೆ. ಡಿಸೋಜರು ಬರೆದದ್ದು ಆ ಸೊನ್ನೆಯೊಳಗೆ ಮುಳುಗಿದ ಮನೆಗಳ ಬಗ್ಗೆ. ಹಸಿರು ಲೆಕ್ಕಕ್ಕೆ ಒಂದೇ ಮೂಲಮಾನ, ಟನ್ನು. ಟನ್ನಿನಲ್ಲಿ ತೂಗಲಾಗದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

‘ತಟಸ್ಥ’ ಎಂಬ ಪದ ನನ್ನನ್ನು ಬಹಳ ಕಾಡಿತು. ಕಾರ್ಬನ್ ನ್ಯೂಟ್ರಲ್ ಎಂಬುದಕ್ಕೆ ಕನ್ನಡದಲ್ಲಿ ಅದೇ ರೂಢಿಯಾಗಿದೆ. ತಟದಲ್ಲಿ ನಿಂತವನು ತಟಸ್ಥ. ಹೊಳೆ ಹರಿಯುತ್ತಿದೆ, ಯಾರೋ ಕೊಚ್ಚಿಹೋಗುತ್ತಿದ್ದಾರೆ, ಇವನು ದಡದಲ್ಲಿದ್ದಾನೆ. ಇಂಗ್ಲಿಷಿನ ಪದದಲ್ಲಿಲ್ಲದ ಅರ್ಥವೊಂದನ್ನು ನಮ್ಮ ಅನುವಾದ ಅರಿವಿಲ್ಲದೆಯೇ ಹೊರಹಾಕಿಬಿಟ್ಟಿದೆ. ‘ಹೆಜ್ಜೆಗುರುತು’ ಎಂಬುದಕ್ಕೂ ಇಂಥದ್ದೇ ಚರಿತ್ರೆ ಇದೆ. ಒಬ್ಬೊಬ್ಬರೂ ತಮ್ಮ ಇಂಗಾಲದ ಹೆಜ್ಜೆಗುರುತನ್ನು ಲೆಕ್ಕ ಹಾಕಿಕೊಳ್ಳಿ ಎಂದು ಜನರಲ್ಲಿ ಆ ಮಾತನ್ನು ಬಳಕೆಗೆ ತರುವುದರಲ್ಲಿ ತೈಲ ಕಂಪನಿ ಬಿಪಿಯ ಜಾಹೀರಾತುಗಳ ಪಾಲು ದೊಡ್ಡದು. ಅದರ ಕ್ಯಾಲ್ಕ್ಯುಲೇಟರು ಬಂದದ್ದು 2004ರಲ್ಲಿ. ಎಣ್ಣೆ ತೆಗೆದವರು ಹೆಜ್ಜೆ ಎಣಿಸುವ ಕೆಲಸವನ್ನು ಎಣ್ಣೆ ಕೊಂಡವರಿಗೆ ವಹಿಸಿದರು.

ಇನ್ಫೋಸಿಸ್ಸಿನ 2020ರ ಪ್ರಕಟಣೆಯ ತಲೆಬರಹದಲ್ಲಿ, ಪ್ಯಾರಿಸ್ ಒಪ್ಪಂದದ ಗಡುವಾದ 2050ಕ್ಕಿಂತ 30 ವರ್ಷ ಮೊದಲೇ ತಟಸ್ಥರಾದೆವು ಎಂಬ ಧಾಟಿಯಿದೆ. ಒಪ್ಪಂದದ ನಾಲ್ಕನೇ ವಿಧಿಯಲ್ಲಿ ಇರುವುದು ಈ ಶತಮಾನದ ಉತ್ತರಾರ್ಧ ಎಂಬ ಮಾತು. ಅದೂ ದೇಶಗಳು ಪರಸ್ಪರ ಮಾಡಿಕೊಂಡ ಕರಾರು, ಕಂಪನಿಗಳಿಗೆ ಹಾಕಿದ ಓಟದ ಗೆರೆಯಲ್ಲ. ‘ಮೊದಲೇ’ ಎಂಬ ಪದಕ್ಕೆ ಜೊತೆಗೆ ಓಡುವವರು ಬೇಕು. ಹೋಗಲಿ, ಪತ್ರಿಕಾ ಪ್ರಕಟಣೆಗೆ ಅಷ್ಟು ಉತ್ಪ್ರೇಕ್ಷೆ ಸಲ್ಲುತ್ತದೆ ಎಂದುಕೊಳ್ಳೋಣ. ಮುಖ್ಯ ಪ್ರಶ್ನೆ ಇರುವುದು ತಟಸ್ಥವಾದದ್ದು ಹೇಗೆ ಎಂಬಲ್ಲಿ. ಆ ಹೊತ್ತಿಗೆ ಕಂಪನಿಯ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲದ್ದು ಅರ್ಧಕ್ಕಿಂತ ಕಡಿಮೆ, ಶೇ. 44ರ ಆಸುಪಾಸು. ಉಳಿದದ್ದು ಸರಿದೂಗಿದ್ದು ಗ್ರಾಮೀಣ ಯೋಜನೆಗಳಿಂದ: ಮನೆಗಳಿಗೆ ಜೈವಿಕ ಅನಿಲದ ಘಟಕ, ಸುಧಾರಿತ ಒಲೆ. 1,02,000ಕ್ಕೂ ಹೆಚ್ಚು ಕುಟುಂಬಗಳಿಗೆ ಇದರಿಂದ ಅನುಕೂಲವಾಯಿತು ಎಂದು ಕಂಪನಿ ಹೇಳುತ್ತದೆ.

ಅನುಕೂಲ ನಿಜ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಜ್ಜಿಯ ಕಣ್ಣು ಹೋದದ್ದು ಒಲೆಯ ಮುಂದೆಯೇ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಆದರೆ ಇಂಥ ವರದಿಗಳಲ್ಲಿ ಒಲೆಯ ಪಕ್ಕ ನಿಂತ ಹೆಂಗಸನ್ನು ಕರೆಯುವ ಪದ ನೋಡಿ: ಫಲಾನುಭವಿ. ನಾನೂ ಅದನ್ನೇ ಬರೆದೆ, ಬೇರೆ ಪದ ತೋಚಲಿಲ್ಲ. ಲೆಕ್ಕದ ಒಳಗೆ ಇಳಿದು ನೋಡಿದರೆ ಸಂಬಂಧ ತಿರುಗುಮುರುಗಾಗಿದೆ. ಆಕೆ ಸೌದೆ ಸುಡುವುದನ್ನು ಕಡಿಮೆ ಮಾಡುತ್ತಾಳೆ, ದಿನಾ ಬೆಳಗ್ಗೆ ಸಗಣಿ ಕಲಸಿ ಘಟಕಕ್ಕೆ ಸುರಿಯುತ್ತಾಳೆ. ಅದರಿಂದ ಉಳಿದ ಟನ್ನುಗಳು ನಗರದ ಕಚೇರಿಯ ಖಾತೆಗೆ ಜಮೆಯಾಗುತ್ತವೆ. ಹಾಗಾದರೆ ದುಡಿದವಳು ಯಾರು, ಫಲವನ್ನು ಅನುಭವಿಸಿದವರು ಯಾರು? ಆಕೆಯನ್ನು ಪಾಲುದಾರಳು ಎಂದೋ, ಕೊನೆಗೆ ಮಾರಾಟಗಾರಳು ಎಂದೋ ಕರೆದಿದ್ದರೆ ವಾಕ್ಯ ಸರಿಹೋಗುತ್ತಿತ್ತು. ಬೆಲೆಯ ಮಾತೂ ಬರುತ್ತಿತ್ತು. ಅದು ಬೇಡವಾಗಿಯೇ ಆ ಪದ ಇದೆ ಎಂಬುದು ನನ್ನ ಗುಮಾನಿ. ಈ ಟನ್ನುಗಳು ಎಷ್ಟು ಗಟ್ಟಿ ಎಂಬ ಪ್ರಶ್ನೆಯೂ ಇದೆ. ಜಗತ್ತಿನ ಬೇರೆ ಬೇರೆ ಕಡೆಯ ಒಲೆ ಯೋಜನೆಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಬರ್ಕ್ಲಿಯ ಸಂಶೋಧಕರ ಅಧ್ಯಯನದ ಪ್ರಕಾರ, ಸರಾಸರಿಯಲ್ಲಿ ನಿಜವಾದ ಉಳಿತಾಯದ ಒಂಬತ್ತು ಪಟ್ಟು ಕ್ರೆಡಿಟ್ಟು ಬರೆದುಕೊಳ್ಳಲಾಗಿತ್ತು. ಅದು ಇನ್ಫೋಸಿಸ್ ಯೋಜನೆಯ ಮೇಲಿನ ತೀರ್ಪಲ್ಲ. ‘ಸರಿದೂಗಿಸಲಾಗಿದೆ’ ಎಂಬ ಕ್ರಿಯಾಪದವನ್ನು ಎಲ್ಲಿ ಕಂಡರೂ ಒಂದು ಕ್ಷಣ ನಿಂತು ಓದಲು ಅಷ್ಟು ಸಾಕು.

ಇದೇ ಪ್ರಕಾರದ ಅತ್ಯಂತ ನಯವಾದ ಕೃತಿ ನನ್ನ ಮಟ್ಟಿಗೆ ವರದಿಯಲ್ಲ, ಒಂದು ಕಿರುಚಿತ್ರ. 2023ರ ಸೆಪ್ಟೆಂಬರಿನಲ್ಲಿ ಆಪಲ್ ಹೊಸ ಫೋನು, ಗಡಿಯಾರಗಳ ಜೊತೆಗೆ ಅದನ್ನೂ ಬಿಡುಗಡೆ ಮಾಡಿತು. ಐದು ನಿಮಿಷದ ಪ್ರಹಸನ. ಮೀಟಿಂಗ್ ರೂಮಿನಲ್ಲಿ ಕಂಪನಿಯ ದೊಡ್ಡವರೆಲ್ಲ ನಡುಗುತ್ತಾ ಕಾಯುತ್ತಿದ್ದಾರೆ. ಪ್ರಕೃತಿ ಮಾತೆ ಬರುತ್ತಾಳೆ. ಪಾತ್ರ ಆಕ್ಟೇವಿಯಾ ಸ್ಪೆನ್ಸರ್ ಅವರದು. ಆಕೆ ಬೇಸರದಿಂದ, ಅಪನಂಬಿಕೆಯಿಂದ ಲೆಕ್ಕ ಕೇಳುತ್ತಾಳೆ, ಇವರು ಒಬ್ಬೊಬ್ಬರಾಗಿ ಒಪ್ಪಿಸುತ್ತಾರೆ. ಅಭಿನಯ ಚೆನ್ನಾಗಿದೆ, ನಾನು ಎರಡು ಕಡೆ ನಕ್ಕೆ. ಆದರೆ ನಾಟಕದ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿ ಒಂದು ಪ್ರಶ್ನೆ ಕೇಳಬಹುದು: ಇಲ್ಲಿ ಪ್ರಕೃತಿಗೆ ಕೊಟ್ಟಿರುವ ಪಾತ್ರ ಯಾವುದು? ಆಕೆ ಮೇಲಧಿಕಾರಿ. ಆಕೆಗೆ ಬೇಕಿರುವುದು ಸ್ಟೇಟಸ್ ರಿಪೋರ್ಟು. ಬರಗಾಲ, ನೆರೆ, ಕಾಡ್ಗಿಚ್ಚುಗಳ ಭಾಷೆಯಲ್ಲಿ ಮಾತಾಡುವ ಪ್ರಕೃತಿ ಆ ಕೋಣೆಯೊಳಗೆ ಬಂದ ಕೂಡಲೇ ಮ್ಯಾನೇಜ್‌ಮೆಂಟಿನ ಭಾಷೆಯಲ್ಲಿ ಪ್ರಶ್ನೆ ಕೇಳುತ್ತದೆ. ತಾಯಿ ಎಂದು ಕರೆಯುವುದು ನಮಗೂ ಹೊಸದಲ್ಲ, ನೆಲವನ್ನು ತಾಯಿ ಎಂದವರೇ ಅದನ್ನು ಮಾರಿದ ಕತೆಗಳೂ ನಮ್ಮಲ್ಲಿವೆ. ತಾಯಿಯ ವಿಶೇಷವೆಂದರೆ ಆಕೆ ಕ್ಷಮಿಸುತ್ತಾಳೆ. ಪಾತ್ರ ಹಂಚುವಾಗ ಆಪಲ್ಲಿಗೆ ಅದು ಗೊತ್ತಿತ್ತು.

ಆ ದಿನ ಬಿಡುಗಡೆಯಾದ ಗಡಿಯಾರದ ಕೆಲವು ಮಾದರಿಗಳನ್ನು ‘ಇಂಗಾಲ ತಟಸ್ಥ’ ಎಂದು ಜಾಹೀರು ಮಾಡಿದರು. ಎರಡು ವರ್ಷದ ಮೇಲೆ, 2025ರ ಆಗಸ್ಟಿನಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನ ನ್ಯಾಯಾಲಯ ಹಾಗೆ ಹೇಳಬಾರದು ಎಂದಿತು. ಕಾರಣ ಓದಿದಾಗ ನನ್ನ ಮೇಜಿನ ಎರಡೂ ರಾಶಿಗಳು ಒಂದನ್ನೊಂದು ಮುಟ್ಟಿದಂತಾಯಿತು. ಗಡಿಯಾರದ ಉಳಿದ ಇಂಗಾಲವನ್ನು ಸರಿದೂಗಿಸುತ್ತಿದ್ದುದು ಪರಾಗ್ವೆಯ ನೀಲಗಿರಿ ತೋಪುಗಳು. ಆ ಜಮೀನಿನ ಮುಕ್ಕಾಲು ಪಾಲಿನ ಗುತ್ತಿಗೆ 2029ಕ್ಕೇ ಮುಗಿಯುತ್ತಿತ್ತು.

ನೀಲಗಿರಿ! 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಗುಂಪಾಗಿ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ನೆಟ್ಟರು. ಆಗ ನಡೆಯುತ್ತಿದ್ದುದಕ್ಕೆ ‘ಸಾಮಾಜಿಕ ಅರಣ್ಯ’ ಎಂಬ ಚೆಂದದ ಹೆಸರಿತ್ತು, ವಿಶ್ವಬ್ಯಾಂಕಿನ ಸಾಲವಿತ್ತು, ಎಷ್ಟು ಸಾವಿರ ಎಕರೆ ಹಸಿರಾಯಿತು ಎಂಬ ಲೆಕ್ಕವೂ ಇತ್ತು. ರಾಗಿ ಬೆಳೆಯುತ್ತಿದ್ದ ಹೊಲ ತೋಪಾದಾಗ ಕೂಲಿ ಹೋಯಿತು, ದನ ಆ ಎಲೆ ಮುಟ್ಟಲಿಲ್ಲ, ಬಾವಿ ಆಳವಾಯಿತು ಎಂಬುದು ರೈತರ ಲೆಕ್ಕ. ನಾಲ್ಕು ವರ್ಷದ ಮೇಲೆ, 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಮತ್ತೆ ನೀಲಗಿರಿ ಕಿತ್ತರು. ಸರ್ಕಾರ ಮತ್ತು ಹರಿಹರದ ಕಾರ್ಖಾನೆ ಸೇರಿ ಕಟ್ಟಿದ್ದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸುಮಾರು 30 ಸಾವಿರ ಹೆಕ್ಟೇರ್ ಸಾಮುದಾಯಿಕ ಭೂಮಿ ಕೊಟ್ಟದ್ದರ ವಿರುದ್ಧದ ಹೋರಾಟ ಅದು. ಸುಪ್ರೀಂ ಕೋರ್ಟಿನ ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೊ–ಹಚ್ಚಿಕೊ’. ಎರಡೇ ಕ್ರಿಯಾಪದ. ಎರಡೂ ಎದುರಿಗಿರುವವನಿಗೆ ನೇರವಾಗಿ ಹೇಳಿದ್ದು. ಉತ್ತರ ಕರ್ನಾಟಕದ ಹೊಲದಲ್ಲಿ ನಿಂತವರು ಆಡುವ ಮಾತು. ಇದನ್ನು ‘ಕೀಳಲಾಗಿದೆ–ಹಚ್ಚಲಾಗಿದೆ’ ಎಂದು ಬರೆದು ನೋಡಿ.

ಆ ಜನರಿಗೆ ಗೊತ್ತಿದ್ದ ಒಂದು ಸರಳ ಸಂಗತಿ, ಹಸಿರಾಗಿ ಕಂಡದ್ದೆಲ್ಲ ಕಾಡಲ್ಲ ಎಂಬುದು, ಫ್ರಾಂಕ್‌ಫರ್ಟಿನ ಕೋರ್ಟಿಗೆ ಮುಟ್ಟಲು ನಲವತ್ತು ವರ್ಷ ಹಿಡಿಯಿತು ಎಂದು ಬರೆಯಲು ನನ್ನ ಕೈ ತುರಿಸುತ್ತದೆ. ಆದರೆ ಅದು ನ್ಯಾಯವಲ್ಲ. ಕೋರ್ಟು ಕೇಳಿದ್ದು ಗುತ್ತಿಗೆಯ ಅವಧಿಯನ್ನು, ಗ್ರಾಹಕನಿಗೆ ಕೊಟ್ಟ ಮಾತನ್ನು. ಆ ತೋಪಿನ ಪಕ್ಕದಲ್ಲಿರುವ ಊರವರನ್ನು ಅದೂ ಕೇಳಲಿಲ್ಲ.

ಹಾಗಾದರೆ ಒಳ್ಳೆಯ ವರದಿ ಹೇಗಿರುತ್ತದೆ? 2020ರಲ್ಲಿ ಮೈಕ್ರೋಸಾಫ್ಟ್, 2030ರೊಳಗೆ ತಾನು ಉಗುಳುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಂದಕ್ಕೆ ತೆಗೆಯುವುದಾಗಿಯೂ, 2050ರೊಳಗೆ 1975ರಲ್ಲಿ ಹುಟ್ಟಿದಂದಿನಿಂದ ಉಗುಳಿದ್ದನ್ನೆಲ್ಲ ತೊಳೆಯುವುದಾಗಿಯೂ ಹೇಳಿತು. 2024ರ ವರದಿಯಲ್ಲಿ, 2020ಕ್ಕಿಂತ ತನ್ನ ಹೊರಸೂಸುವಿಕೆ ಶೇ. 29.1 ಹೆಚ್ಚಾಗಿದೆ ಎಂದು ಅದೇ ಕಂಪನಿ ಬರೆಯಬೇಕಾಯಿತು. ಡೇಟಾ ಸೆಂಟರುಗಳ ಸಿಮೆಂಟು, ಉಕ್ಕು, ಚಿಪ್ಪುಗಳು ಅದಕ್ಕೆ ಕಾರಣ. ಗೂಗಲ್ ಕೂಡ 2019ಕ್ಕೆ ಹೋಲಿಸಿ ಶೇ. 48ರ ಏರಿಕೆಯನ್ನು ಒಪ್ಪಿಕೊಂಡಿತು. ಕೃತಕ ಬುದ್ಧಿಮತ್ತೆಯ ಹಸಿವು ಅದು, ಕಚೇರಿಯ ಬಲ್ಬು ಬದಲಿಸಿ ತೀರುವಂಥದ್ದಲ್ಲ. ಆ ಪುಟಗಳ ಗದ್ಯವೂ ಸುತ್ತಿಬಳಸುತ್ತದೆ, ಆದರೆ ಸಂಖ್ಯೆಯನ್ನು ಮುಚ್ಚಿಲ್ಲ. ಪೋಚಾರಮ್ಮಿನ ಎರಡು ಮೀಟರುಗಳ ಹಾಗೆ, ಇಲ್ಲೂ ಸೋಲು ಕಾಣಿಸುತ್ತದೆ. ನನಗೆ ಆ ಪುಟಗಳ ಮೇಲೆ, ಆ ಕಂಪನಿಗಳ ಮೇಲಲ್ಲ, ಒಂದು ಬಗೆಯ ಗೌರವವಿದೆ. ನಮ್ಮಲ್ಲಿ ಸೆಬಿಯ ನಮೂನೆ ಬಂದಮೇಲೆ ಆದ ಒಳ್ಳೆಯದೂ ಇಂಥದ್ದೇ. ಕೋಷ್ಟಕದ ಮನೆಗಳನ್ನು ತುಂಬಲೇಬೇಕು, ಕಳೆದ ವರ್ಷದ ಅಂಕಿ ಪಕ್ಕದಲ್ಲೇ ಇರುತ್ತದೆ, ವಿಶೇಷಣಗಳಿಗೆ ಜಾಗ ಇಲ್ಲ. ಸಾಹಿತ್ಯದ ವಿದ್ಯಾರ್ಥಿ ಹೀಗೆ ಹೇಳಬಾರದೇನೋ, ಆದರೆ ಗದ್ಯ ಕಡಿಮೆಯಾದಷ್ಟೂ ಆ ವರದಿಗಳು ಓದಲು ಯೋಗ್ಯವಾಗಿವೆ.

ನನ್ನ ಅನುವಾದದ ಕತೆ ಬಾಕಿ ಇದೆ. ನಾಲ್ಕನೇ ಅಧ್ಯಾಯದಲ್ಲಿ ಡೀಸೆಲ್ ಬಗ್ಗೆ ಒಂದು ವಾಕ್ಯವಿತ್ತು. ಕರೆಂಟು ಹೋಗುವುದು ಹೆಚ್ಚಾದ್ದರಿಂದ ಆ ವರ್ಷ ಜನರೇಟರುಗಳಿಗೆ ಹಿಂದಿನ ವರ್ಷಕ್ಕಿಂತ ಹೆಚ್ಚು ಡೀಸೆಲ್ ಖರ್ಚಾಗಿತ್ತು. ಇಂಗ್ಲಿಷಿನಲ್ಲಿ ಕರ್ತೃ ಇರಲಿಲ್ಲ. ಕನ್ನಡಕ್ಕೆ ಸಹಜವಾಗಿರಲಿ ಎಂದು ನಾನು ಬರೆದದ್ದು: ‘ಈ ವರ್ಷ ನಾವು ಹೆಚ್ಚು ಡೀಸೆಲ್ ಸುಟ್ಟೆವು.’ ಓದುವವರು ಪಂಚಾಯಿತಿಯ ಸದಸ್ಯರು, ಹಾಲಿನ ಡೈರಿಯ ಕಾರ್ಯದರ್ಶಿಗಳು, ಹೆಂಗಸರ ಸಂಘದವರು. ಅವರ ಊರಿನ ಗಾಳಿಗೆ ಆ ಹೊಗೆ ಹೋಗಿದೆ. ಯಾರಾದರೂ ಹೀಗೆ ಹೇಳಿದರೆ ಅವರು ಮುಂದಿನ ಪ್ರಶ್ನೆ ಕೇಳಬಹುದು ಅನ್ನಿಸಿತ್ತು.

ಸಂಪಾದಕರು ಫೋನ್ ಮಾಡಿದರು. ಈ ಸಲ ನಗಲಿಲ್ಲ. “ಇದು ತಪ್ಪೊಪ್ಪಿಗೆ ಥರ ಕೇಳುತ್ತೆ. ‘ಡೀಸೆಲ್ ಬಳಕೆಯಲ್ಲಿ ಹೆಚ್ಚಳ ದಾಖಲಾಗಿದೆ’ ಅಂತ ಮಾಡಿಬಿಡಿ. ಮೂಲಕ್ಕೂ ನಿಷ್ಠವಾಗಿರುತ್ತೆ.”

ಮೂಲಕ್ಕೆ ನಿಷ್ಠ ಎಂಬ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅನುವಾದಕಿ ಮೂಲದಲ್ಲಿ ಇಲ್ಲದ ಕರ್ತೃವನ್ನು ತಂದು ನಿಲ್ಲಿಸಬಹುದೇ? ಎಂ.ಎ. ತರಗತಿಯಲ್ಲಾದರೆ ಅರ್ಧ ದಿನ ಚರ್ಚೆ ಮಾಡುತ್ತಿದ್ದೆವು. ಅವತ್ತು ಎರಡು ನಿಮಿಷದಲ್ಲಿ ತಿದ್ದಿ ಕಳಿಸಿದೆ. ಮೂರು ವಾರಕ್ಕೆ ಹಣ ಬಂತು, ಮೆಸ್ಸಿನ ಬಾಕಿ ತೀರಿತು.

ಪುಸ್ತಿಕೆ ಅಚ್ಚಾಗಿ ಬಂದಾಗ ಒಂದು ಪ್ರತಿ ನನಗೂ ಕಳಿಸಿದ್ದರು. ಮುಖಪುಟದಲ್ಲಿ ಎರಡು ಅಂಗೈಗಳ ನಡುವೆ ಒಂದು ಸಸಿ. ಡೀಸೆಲ್ಲಿನ ವಾಕ್ಯ ಹನ್ನೊಂದನೇ ಪುಟದಲ್ಲಿ, ಸಂಪಾದಕರು ಹೇಳಿದ ಹಾಗೆಯೇ ಇದೆ. ಹಿಂಬದಿಯಲ್ಲಿ, ಮುದ್ರಣಾಲಯದ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಇಂಗ್ಲಿಷ್ ಮೂಲದಿಂದ ಕನ್ನಡಕ್ಕೆ ಅನುವಾದಿಸಲಾಗಿದೆ.’